ಬಾಟಲಿಯ ತಳದ ಬಿಳಿ ಪುಡಿ

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಅವನಿಗೆ ನಗು ಬಂತು. ಬಾಯಿ ತುಂಬ ನೊರೆ ಇರುವಾಗ ಬರುವ ನಗುವನ್ನು ತಡೆಯುವುದು ಯಾರಿಂದಲೂ ಆಗದ ಕೆಲಸ. ಕನ್ನಡಿಯ ಮೇಲೆಲ್ಲ ಬಿಳಿ ಚುಕ್ಕೆ ಸಿಡಿಯಿತು. ಒರೆಸಲು ಹೋದ, ಒರೆಸುತ್ತಲೇ ಮತ್ತೆ ನಕ್ಕ. ಐವತ್ತೆರಡು ವರ್ಷದ ಮನುಷ್ಯ, ಕುಡಿಯುವ ನೀರಿನ ತಪಾಸಣೆ ಮಾಡುವ ಇನ್ಸ್‌ಪೆಕ್ಟರ್, ಇವತ್ತು ಮಧ್ಯಾಹ್ನ ಮೂರಕ್ಕೆ ಇಲಾಖೆಯ ಸಭಾಂಗಣದಲ್ಲಿ ಎಲ್ಲರ ಎದುರು ಪ್ರಶಸ್ತಿಪತ್ರ ತೆಗೆದುಕೊಳ್ಳಬೇಕಾದವನು, ಬಚ್ಚಲುಮನೆಯಲ್ಲಿ ಒಬ್ಬನೇ ನಿಂತು ಹಲ್ಲು ಬಿಡುತ್ತಿದ್ದ. ನಿನ್ನೆ ಮಧ್ಯಾಹ್ನದಿಂದ ಹೀಗೇ ಆಗುತ್ತಿದೆ. ಮೊಣಕಾಲಿನ ಹತ್ತಿರ ಎಲ್ಲೋ ಶುರುವಾಗುತ್ತದೆ, ಆಮೇಲೆ ತಲೆ ಹಗುರಾಗಿ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿಲ್ಲ ಅನ್ನಿಸುತ್ತದೆ. ಭಯವೇ ಇರಬೇಕು ಅಂದುಕೊಂಡ. ಆದರೆ ಭಯವಾದವನು ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಾನೆಯೇ? ಹೊಡೆದಿದ್ದಾನಂತೆ, ಹೆಂಡತಿಯೇ ಹೇಳಿದಳು. ಈಗ ಅವಳು ಬಾಗಿಲ ಹತ್ತಿರ ಇಸ್ತ್ರಿ ಮಾಡಿದ ಅಂಗಿ ಹಿಡಿದು ನಿಂತಿದ್ದಳು.

"ಏನ್ರೀ ಇದು, ಒಬ್ಬೊಬ್ರೇ ನಗೋದು? ಪ್ರಶಸ್ತಿ ಕೈಗೆ ಬರೋ ಮುಂಚೇನೇ ತಲೆಗೇರಿತಾ?"

"ಹಾಗೇನಿಲ್ಲ ಕಣೇ. ಬಾಟಲಿ ನೆನಪಾಯ್ತು."

"ಯಾವ ಬಾಟಲಿ?" ಎಂದು ಅವಳು ಅನುಮಾನದಿಂದ ಮೂಗು ಮುಂದೆ ಮಾಡಿದಳು. ಇಪ್ಪತ್ತಾರು ವರ್ಷದಲ್ಲಿ ಅವನು ನೀರು ಬಿಟ್ಟು ಬೇರೆ ಏನನ್ನೂ ಬಾಟಲಿಯಲ್ಲಿ ಕಂಡವನಲ್ಲ ಅನ್ನುವುದು ಅವಳಿಗೂ ಗೊತ್ತು, ಆದರೂ ಹೆಂಡತಿಯಾದವಳು ಒಮ್ಮೆ ಮೂಸಿ ನೋಡುವುದು ಕ್ರಮ. ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಅವಳು ಕೂತುಬಿಡುತ್ತಾಳೆ, ತಮ್ಮನಿಗೆ ಫೋನು ಮಾಡುತ್ತಾಳೆ, ತಮ್ಮ ಈಗಾಗಲೇ ಕ್ಯಾಮೆರಾ ಸಿದ್ಧ ಮಾಡಿಕೊಂಡು ಬೆಳಗಿನಿಂದ ಎರಡು ಸಲ "ಭಾವನ್ನ ಎಡಗಡೆಯಿಂದ ತೆಗೀಲಾ, ಬಲಗಡೆಯಿಂದ ತೆಗೀಲಾ" ಎಂದು ಕೇಳಿದ್ದಾನೆ. ಹನ್ನೆರಡು ಗಂಟೆಯವರೆಗೆ ಸುಮ್ಮನಿರೋಣ ಅಂದುಕೊಂಡ. ಹನ್ನೆರಡಕ್ಕೆ ಬಾಟಲಿಯ ಫಲಿತಾಂಶ ಬರುತ್ತದೆ. ನೀರು ಚೆನ್ನಾಗಿದ್ದರೆ ಇದು ಬರೀ ಒಂದು ತಮಾಷೆ, ಮುದುಕನಾದ ಮೇಲೆ ಹೇಳಿಕೊಂಡು ನಗಬಹುದು. ಕೆಟ್ಟಿದ್ದರೆ ಒಂಬತ್ತು ವರ್ಷ ಅವನು ಈ ಊರಿಗೆ ಸುಳ್ಳು ಹೇಳಿದ್ದಾನೆ, ಅದೂ ಪ್ರತಿ ಮಂಗಳವಾರ, ಸಹಿ ಸಮೇತ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನ ಹೆಂಗಸು ಚೀಲದಿಂದ ಬಾಟಲಿ ತೆಗೆದು ಗಟಗಟ ನೀರು ಕುಡಿದಳು, ಇವನು ಬೇಗನೆ ಮುಖ ತಿರುಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಯಾರೂ ಕಳ್ಳ ಅಂದೇ ಇರಲಿಲ್ಲ, ಇವನು ಆಗಲೇ ಎರಡೂ ಹೆಗಲು ಒರೆಸಿಕೊಳ್ಳುತ್ತಿದ್ದ. ಬಾಟಲಿ ತೊಳೆಯುವುದನ್ನು ಅವನಿಗೆ ಕಲಿಸಿದವಳು ತಾಯಿ. ತೊಳೆಯದ ಪಾತ್ರೆಗೆ ನೀರು ಹಿಡಿದರೆ ನೀರಿಗೇ ಅವಮಾನ ಅನ್ನುತ್ತಿದ್ದಳು. ಒಮ್ಮೆ ಲೋಟ ತೊಳೆಯದೆ ಅತಿಥಿಗೆ ನೀರು ಕೊಟ್ಟನೆಂದು ಏಳು ವರ್ಷದ ಹುಡುಗನನ್ನು ಅತಿಥಿಯ ಎದುರೇ ಕಿವಿ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿದ್ದಳು. ಮೂರು ಸಲ ತೊಳಿ. ಒಂದು ಸಲ ಕೊಳೆಗೆ, ಒಂದು ಸಲ ಕೈಗೆ, ಒಂದು ಸಲ ಮನಸ್ಸಿಗೆ. ಆಮೇಲೆ ಕೆಲಸಕ್ಕೆ ಸೇರಿದ್ದು ನೀರಿನ ಉಪ್ಪು, ಕಬ್ಬಿಣ, ಗಡಸುತನ ಅಳೆಯುವ ವಿಭಾಗಕ್ಕೆ. ಅಲ್ಲಿಯೂ ಅದೇ ನಿಯಮ: ಯಾವ ನೀರು ಹಿಡಿಯಬೇಕೋ ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೆಯದನ್ನು ತುಂಬಿಸು. ತಾಯಿಯೂ ಸರಕಾರವೂ ಒಂದೇ ಮಾತು ಹೇಳಿದ ಮೇಲೆ ಯಾವನು ತಾನೇ ಅನುಮಾನಪಡುತ್ತಾನೆ? ಒಂಬತ್ತು ವರ್ಷದ ಹಿಂದೆ ಬಡ್ತಿಯಾಗಿ ರೋಗಾಣು ಪರೀಕ್ಷೆಯ ಕೆಲಸಕ್ಕೆ ಬಂದಾಗ ಚಪ್ಪಲಿಯ ಜೊತೆ ಆ ಅಭ್ಯಾಸವೂ ಬಂತು. ಭಾವಮೈದ ಅವನಿಗೆ 'ಮೂರ್ಸಲ' ಎಂದು ಹೆಸರಿಟ್ಟಿದ್ದ. ಮದುವೆಮನೆಯಲ್ಲೂ ಹಾಗೇ ಕರೆದಿದ್ದ. ಇವನು ಅವತ್ತು ಒಳಗೊಳಗೇ ಹೆಮ್ಮೆಪಟ್ಟಿದ್ದ.

ಪ್ರಯೋಗಶಾಲೆಯಿಂದ ಬರುವ ಬಾಟಲಿಗಳನ್ನು ಕಂದು ಕಾಗದದಲ್ಲಿ ಸುತ್ತಿ ಬೇಯಿಸಿ ಕೊಡುತ್ತಿದ್ದರು. ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ ಅಂಟಿಕೊಂಡಿರುತ್ತಿತ್ತು. ಅದನ್ನು ಕಂಡರೆ ಅವನ ಮೈ ಉರಿಯುತ್ತಿತ್ತು. ತೊಳೆಯುವವರು ಸೋಪಿನ ಪುಡಿಯನ್ನು ಹಾಗೇ ಬಿಟ್ಟಿದ್ದಾರೆ, ಹೇಳುವವರು ಕೇಳುವವರು ಇಲ್ಲ! ನಲ್ಲಿಯ ಕೆಳಗೆ ಹಿಡಿದು, ಕುಲುಕಿ, ಚೆಲ್ಲಿ, ಮತ್ತೆ ಹಿಡಿದು, ಬಾಟಲಿ ಗಾಜೋ ಗಾಳಿಯೋ ಅನ್ನುವಷ್ಟು ಸ್ವಚ್ಛವಾದ ಮೇಲೆ ನೀರು ತುಂಬಿಸುತ್ತಿದ್ದ. ಕೈ ಕೆಳಗೆ ಬಂದ ಹದಿನೇಳು ಕಿರಿಯರಿಗೂ ಹಾಗೇ ಕಲಿಸಿದ. ಅಷ್ಟಕ್ಕೇ ಬಿಟ್ಟನೇ? ನಾಲ್ಕು ಪತ್ರ ಬರೆದ, 'ಬಾಟಲಿಗಳ ಅಶುಚಿತ್ವದ ಕುರಿತು' ಎಂದು. ಪ್ರಯೋಗಶಾಲೆಯ ಹಳೆಯ ಮುಖ್ಯಸ್ಥರು ಯಾವ ಪತ್ರವನ್ನೂ ಓದದೆ ಫೈಲಿಗೆ ಸೇರಿಸಿ ನಿವೃತ್ತರಾದರು. ಮೂರು ವಾರದ ಹಿಂದೆ ಆ ಕುರ್ಚಿಗೆ ಬಂದ ಹೊಸಬಳು, ಇನ್ನೂ ಮೂವತ್ತು ತುಂಬದವಳು, ದುರದೃಷ್ಟಕ್ಕೆ ಫೈಲು ಓದುವವಳು.

"ಸರ್, ಈ ಪತ್ರ ನೀವೇ ಬರೆದಿದ್ದಾ?" ನಿನ್ನೆ ಅವಳು ಕರೆಸಿ ಕೇಳಿದಾಗ ಇವನು ಎದೆ ಉಬ್ಬಿಸಿಕೊಂಡೇ ಹೋಗಿದ್ದ.

"ಹೌದಮ್ಮಾ. ಬಾಟಲಿ ತೊಳೆಯೋರು ಯಾರು ನಿಮ್ಮಲ್ಲಿ? ಪುಡಿ ಹಾಗೇ ಬಿಟ್ಟಿರ್ತಾರೆ."

"ಅದು ಸೋಪಲ್ಲ ಸರ್. ನಾವೇ ಅಳತೆ ಮಾಡಿ ಹಾಕೋದು. ನೀರಲ್ಲಿರೋ ಕ್ಲೋರಿನ್ನಿನ ಶಕ್ತಿ ಅಲ್ಲೇ ನಿಲ್ಲಿಸೋಕೆ." ಅವಳು ತಡೆದು ಅವನ ಮುಖ ನೋಡಿದಳು. "ನೀವದನ್ನ ತೊಳೆದುಬಿಡ್ತೀರಾ?"

"ಮೂರು ಸಲ" ಅಂದ. ಆ ಕ್ಷಣದಲ್ಲೂ ಅವನ ದನಿಯಲ್ಲಿ ಹೆಮ್ಮೆ ಇತ್ತು, ಅದು ನೆನಪಾದರೆ ಈಗಲೂ ಬಸ್ಸಿನ ಸೀಟಿನೊಳಗೆ ಹುದುಗಿಹೋಗಬೇಕು ಅನ್ನಿಸುತ್ತದೆ. ಅವಳು ನಿಧಾನವಾಗಿ ಹೇಳಿದಳು, ಮಕ್ಕಳಿಗೆ ಹೇಳುವ ಹಾಗೆ. ಪುಡಿ ಇಲ್ಲದಿದ್ದರೆ ಕ್ಲೋರಿನ್ನು ಬಾಟಲಿಯೊಳಗೂ ಕೆಲಸ ಮುಂದುವರಿಸುತ್ತದೆ. ನಲ್ಲಿಯಲ್ಲಿ ರೋಗದ ಹುಳ ಇದ್ದರೂ ನಾಲ್ಕು ಗಂಟೆ ಸುತ್ತಿ ಪ್ರಯೋಗಶಾಲೆಗೆ ಬರುವಷ್ಟರಲ್ಲಿ ಸತ್ತುಹೋಗಿರುತ್ತದೆ. "ನಾವು ನೋಡೋದು ಸತ್ತ ನೀರು ಸರ್. ಜನ ನಾಲ್ಕು ಗಂಟೆ ಕಾಯಲ್ಲವಲ್ಲ, ನಲ್ಲಿ ತಿರುಗಿಸಿದ ತಕ್ಷಣ ಕುಡೀತಾರೆ."

ಆಗ ಬಂತು ಮೊದಲ ನಗು. ಒಂಬತ್ತು ವರ್ಷ ಅವನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದ. ಅವಳು ಪಾಪ, ಹೆದರಿ ಕುರ್ಚಿ ಎಳೆದು ಕೊಟ್ಟಳು. ಅವನು ಕೂರಲಿಲ್ಲ. ಒಂದು ಬಾಟಲಿ ಈಸಿಕೊಂಡು ಬಸ್ಸು ಹತ್ತಿ, ಕೊಳವೆ ಮುಗಿಯುವ ಕೊನೆಯ ಬೀದಿಗೆ ಹೋದ. ಟೈರು ಗೋದಾಮಿನ ಹಿಂದಿನ ಆ ಬೀದಿಗೆ ನೀರು ತಲುಪುವುದು ಎಲ್ಲರಿಗೂ ಆದ ಮೇಲೆ, ಚರಂಡಿಯ ಪಕ್ಕದ ಹಳೆಯ ಕೊಳವೆಯಲ್ಲಿ. ಬೀದಿ ನಲ್ಲಿಯ ಕೆಳಗೆ ಬಾಟಲಿ ಹಿಡಿದ. ನೀರು ಬಿತ್ತು. ಕೈ ತಾನಾಗಿಯೇ ಚೆಲ್ಲಲು ಬಾಗಿತು. ಎಡಗೈಯಿಂದ ಬಲಗೈ ಹಿಡಿದು ನಿಲ್ಲಿಸಿದ. ನಡುಬೀದಿಯಲ್ಲಿ ತನ್ನ ಕೈಯ ಜೊತೆ ತಾನೇ ಕುಸ್ತಿ ಆಡುತ್ತಿದ್ದ ಇನ್ಸ್‌ಪೆಕ್ಟರನ್ನು, ಎದುರಿನ ಮನೆಯ ಕಿಟಕಿಯಲ್ಲಿ ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಒಬ್ಬ ಹೆಂಗಸು ನೋಡುತ್ತಿದ್ದಳು.

ಆ ಹೊಲಿಗೆಯವಳನ್ನು ಅವನು ಗುರುತಿಸಿದ್ದ. ಮೂರು ವರ್ಷದ ಹಿಂದೆ ಅವಳು ಒಂದು ಬಾಟಲಿ ನೀರು ಹಿಡಿದುಕೊಂಡು ಆಫೀಸಿಗೆ ಬಂದಿದ್ದಳು. ಮಗಳಿಗೆ ತಿಂಗಳಲ್ಲಿ ಎರಡು ಸಲ ವಾಂತಿಭೇದಿ, ನೀರು ನೋಡಿ ಸರ್ ಅಂದಿದ್ದಳು. ಅವನು ಫೈಲು ತೆಗೆದು ತೋರಿಸಿದ್ದ, ನೂರಾರು ಮಂಗಳವಾರಗಳ ಫಲಿತಾಂಶ, ಎಲ್ಲವೂ ಹಾಲಿನಷ್ಟು ಶುದ್ಧ. ಆಮೇಲೆ ನಾಲ್ಕು ಗುಮಾಸ್ತರ ಎದುರು ಅವಳ ಪಾತ್ರೆಯ ಬಗ್ಗೆ ಉಪದೇಶ ಮಾಡಿದ್ದ. ಕೊಡ ಹೇಗೆ ಉಜ್ಜಬೇಕು, ಉಗುರು ಯಾಕೆ ಕತ್ತರಿಸಬೇಕು, ಮೂರು ಸಲ ಯಾಕೆ ತೊಳೆಯಬೇಕು. ಗುಮಾಸ್ತರು ತಲೆ ಆಡಿಸಿದ್ದರು. ಅವಳು ಸರಿ ಸರ್ ಎಂದು ಹೊರಟುಹೋದಳು, ಬಾಟಲಿಯನ್ನು ಮೇಜಿನ ಮೇಲೇ ಬಿಟ್ಟು. ಅವನು ಆ ನೀರನ್ನು ಕಿಟಕಿಯ ಹೂಕುಂಡಕ್ಕೆ ಸುರಿದ. ಗಿಡವಂತೂ ಆ ವರ್ಷ ಸೊಂಪಾಗಿ ಬೆಳೆಯಿತು. ಉಗುರಿನ ವಿಷಯ ಯಾಕೆ ಎತ್ತಿದೆನೋ ಎಂದು ಈಗ ಬಸ್ಸು ಇಳಿಯುತ್ತ ಅಂದುಕೊಂಡ, ಅವಳ ಉಗುರು ಚೆನ್ನಾಗಿಯೇ ಇತ್ತು. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಮತ್ತೆ ಆ ಹಾಳು ನಗು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಪ್ರಯೋಗಶಾಲೆಯ ಬಾಗಿಲು ತಳ್ಳಿದ. ಹೊಸಬಳು ಬಿಸಿ ಪೆಟ್ಟಿಗೆಯ ಮುಂದೆ ನಿಂತಿದ್ದಳು, ತೆರೆದಿರಲಿಲ್ಲ. ಅವನಿಗಾಗಿ ಕಾದಿದ್ದಳು. ನೀರು ಸೇರಿಸಿದ ದ್ರವ ನೇರಳೆಯಾಗಿಯೇ ಉಳಿದರೆ ಒಳ್ಳೆಯದು, ಹಳದಿಗೆ ತಿರುಗಿದರೆ ಕೆಟ್ಟದ್ದು; ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಪಾಠ. ಒಂಬತ್ತು ವರ್ಷದಲ್ಲಿ ಅವನು ಹಳದಿಯನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದ. ಅವಳು ಬಾಗಿಲು ತೆರೆದು ಆ ನೀರಿನ ಐದು ಗಾಜಿನ ಕೊಳವೆಗಳ ಸ್ಟ್ಯಾಂಡನ್ನು ಹೊರಗೆ ತೆಗೆದಳು. ಐದೂ ಹಳದಿ. ಮುದ್ದಾದ ಹಳದಿ, ಮದುಮಗಳ ಸೀರೆಗೆ ಒಪ್ಪುವಂಥದ್ದು. ಒಳಗೆ ಗುಳ್ಳೆಗಳು ಬೇರೆ. ಇಷ್ಟು ಚೆಂದದ ಬಣ್ಣವನ್ನು ತಾನು ಒಂಬತ್ತು ವರ್ಷ ತೊಳೆದು ಚರಂಡಿಗೆ ಬಿಟ್ಟೆನಲ್ಲ ಅನ್ನಿಸಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. ಅದು ನಗುವಿನ ನೀರಲ್ಲ ಎಂದು ಅವಳಿಗೆ ಗೊತ್ತಾಗಿರಬೇಕು, ಕೈಗೆ ಹತ್ತಿಯ ಉಂಡೆಯೊಂದನ್ನು ಕೊಟ್ಟಳು, ಕರವಸ್ತ್ರ ಸಿಗಲಿಲ್ಲವೇನೋ.

"ಒಂದೇ ಸ್ಯಾಂಪಲ್ ಸರ್. ಇನ್ನೊಂದು ಸಲ ನೋಡ್ಬೇಕು" ಅಂದಳು. ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟು, "ಆದ್ರೆ ನಾನಾಗಿದ್ರೆ ಆ ನೀರು ಕುಡೀತಿರ್ಲಿಲ್ಲ" ಅಂದಳು.

ಸಭಾಂಗಣದಲ್ಲಿ ಫ್ಯಾನುಗಳು ಗರಗರ ಸದ್ದು ಮಾಡುತ್ತಿದ್ದವು. ವೇದಿಕೆಯ ಮೇಲೆ ದೊಡ್ಡ ಸಾಹೇಬರ ಪಕ್ಕದ ಕುರ್ಚಿ ಅವನದು, ಅದರ ಒಂದು ಕಾಲು ಗಿಡ್ಡ, ಅವನು ಉಸಿರಾಡಿದರೂ ಕುರ್ಚಿ ಟಕ್ ಅನ್ನುತ್ತಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಭಾವಮೈದ ಒಂದು ಕಣ್ಣು ಮುಚ್ಚಿ ಕ್ಯಾಮೆರಾ ಹಿಡಿದಿದ್ದ. ಎರಡನೆಯ ಸಾಲಿನಿಂದ ಹದಿನೇಳು ಕಿರಿಯರು, ಎಲ್ಲರೂ ಅವನ ಕೈಯಲ್ಲಿ ಪಳಗಿದವರು. ಸಾಹೇಬರು ಕಾಗದ ನೋಡಿಕೊಂಡು ಹೇಳುತ್ತಿದ್ದರು: ಒಂಬತ್ತು ವರ್ಷ, ಐದು ಸಾವಿರದ ಆರುನೂರ ಹದಿನಾರು ಬಾಟಲಿ, ಒಂದೇ ಒಂದು ಕೆಟ್ಟ ಫಲಿತಾಂಶವಿಲ್ಲ. ಚಪ್ಪಾಳೆ. ಟಕ್. ಎದ್ದು ನಿಂತು ಪ್ರಶಸ್ತಿಪತ್ರ ತೆಗೆದುಕೊಂಡ. ಎರಡು ಮಾತು ಆಡಿ ಅಂದರು. ಸುಮ್ಮನೆ ಧನ್ಯವಾದ ಹೇಳಿ ಕೂತರೆ ಆಯಿತು, ಹಳದಿಯನ್ನು ನೋಡಿದವರು ಇಬ್ಬರೇ. ಇನ್ನು ಎಂಟು ವರ್ಷಕ್ಕೆ ನಿವೃತ್ತಿ. ನಾಳೆಯಿಂದ ತೊಳೆಯದೆ ಹಿಡಿದರೆ ಸಾಕು, ಫಲಿತಾಂಶ ಒಂದೊಂದಾಗಿ ಕೆಡುತ್ತ ಬರುತ್ತದೆ, ಮಳೆಗಾಲದ ಮೇಲೆ ತಪ್ಪು ಹೊರಿಸಬಹುದು. ಮನಸ್ಸು ಇಷ್ಟು ಚುರುಕಾಗಿ ಓಡುತ್ತದೆಂದು ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ. ಮೈಕಿನ ಮುಂದೆ ಬಾಯಿ ತೆರೆದ. ತಲೆ ಆಕಾಶದಲ್ಲಿತ್ತು.

"ಈ ಪ್ರಶಸ್ತಿ ನಿಜವಾಗಿ ಕ್ಲೋರಿನ್ನಿಗೆ ಸಲ್ಲಬೇಕು" ಅಂದ. ಕೆಲವರು ನಕ್ಕರು. "ಯಾಕಂದ್ರೆ ನಾನು ಒಂದು ದಿನವೂ ನೀರಿನ ಪರೀಕ್ಷೆ ಮಾಡ್ಲಿಲ್ಲ. ಬಾಟಲಿ ತಳದಲ್ಲಿ ಒಂದು ಪುಡಿ ಇರುತ್ತಲ್ಲ, ಅದನ್ನ ಸೋಪು ಅಂದ್ಕೊಂಡು ಒಂಬತ್ತು ವರ್ಷ ತೊಳೆದುಬಿಟ್ಟೆ. ಅದು ಪರೀಕ್ಷೆಗೆ ಬೇಕಾದ ಪುಡಿಯಂತೆ. ಸೋಪು ಬಿಟ್ಟಿದ್ದಾರೆ ಅಂತ ದೂರು ಬೇರೆ ಕೊಟ್ಟೆ, ನಾಲ್ಕು ಸಲ!" ಸಭೆ ಹೋ ಎಂದು ನಕ್ಕಿತು. ಅವನೂ ನಕ್ಕ, ತಡೆಯಲಾಗಲಿಲ್ಲ. ಭಾವಮೈದನ ನಗು ಎಲ್ಲರಿಗಿಂತ ಜೋರಾಗಿತ್ತು, "ಮೂರ್ಸಲ!" ಎಂದು ಕೂಗಿದ. ಸಾಹೇಬರು ಕೂಡ ಹೊಟ್ಟೆ ಕುಲುಕಿಸಿ, ಎಂಥ ವಿನಯ ನೋಡಿ ಅನ್ನುವಂತೆ ಕೈ ಚಾಚಿದರು. ನಿಜ ಹೇಳಿದರೆ ಜನ ಇಷ್ಟು ಸಂತೋಷಪಡುತ್ತಾರೆಂದು ಗೊತ್ತಿದ್ದರೆ ಮುಂಚೆಯೇ ಹೇಳುತ್ತಿದ್ದೆ ಅನ್ನಿಸಿತು. "ಇವತ್ತು ಹನ್ನೆರಡು ಗಂಟೆಗೆ ಕೊನೆ ಬೀದಿ ನೀರು ಹಳದಿ ಆಗಿದೆ" ಅಂದ. ಆಗಲೂ ನಕ್ಕರು, ಆದರೆ ಎರಡನೆಯ ಸಾಲಿನಲ್ಲಿ ಒಬ್ಬ ಕಿರಿಯ ನಗುವುದನ್ನು ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡ. ಪಕ್ಕದವನು ಅವನನ್ನು ನೋಡಿ ನಿಲ್ಲಿಸಿದ. ಹದಿನೇಳು ಮುಖಗಳು ಒಂದೊಂದಾಗಿ ಆರುತ್ತ ಹೋದವು. ಹೆಂಡತಿ ಮೊದಲಿನಿಂದಲೂ ನಕ್ಕಿರಲಿಲ್ಲ. ಅವಳಿಗೆ ಗೊತ್ತು, ಅವನಿಗೆ ತಮಾಷೆ ಮಾಡಲು ಬರುವುದಿಲ್ಲ.

ಸಾಹೇಬರು ಅವನನ್ನು ತೋಳು ಹಿಡಿದು ಕಾರಿಡಾರಿಗೆ ಕರೆತಂದರು. ಹೊರಗಿನಿಂದ ನೋಡಿದರೆ ಹಳೆಯ ಗೆಳೆಯರಂತೆ ಕಾಣುತ್ತಿತ್ತು, ಬೆರಳುಗಳು ಮಾತ್ರ ಮಾಂಸಕ್ಕೆ ಇಳಿದಿದ್ದವು.

"ಏನ್ರೀ ಇದು ಹುಚ್ಚಾಟ? ಒಂದು ಬಾಟಲಿ ಹಳದಿ ಆದ್ರೆ ಊರಿಗೆಲ್ಲ ಡಂಗುರ ಹೊಡೀಬೇಕಾ? ಮುಂದಿನ ವಾರ ಎಲ್ಲಾ ಕಡೆ ಹೊಸದಾಗಿ ಸ್ಯಾಂಪಲ್ ತೆಗೆಸ್ತೀನಿ. ಅಲ್ಲೀವರೆಗೆ ಬಾಯಿ ಮುಚ್ಕೊಂಡು ಇರಿ."

"ಅಲ್ಲೀವರೆಗೆ ಅವರು ಏನು ಕುಡೀಬೇಕು ಸರ್?"

"ಒಂಬತ್ತು ವರ್ಷ ಏನು ಕುಡಿದ್ರೋ ಅದನ್ನೇ."

ತಪ್ಪಿಲ್ಲದ ಉತ್ತರ. ಅವನು ತಲೆದೂಗಿಯೂ ಬಿಟ್ಟ, ಅಭ್ಯಾಸಬಲ. ಆಮೇಲೆ ಕಾಲುಗಳು ಮೆಟ್ಟಿಲು ಇಳಿದವು. ಕೆಳಗೆ ಭಾವಮೈದ ಸ್ಕೂಟರಿನ ಹತ್ತಿರ ಕ್ಯಾಮೆರಾವನ್ನು ಚೀಲಕ್ಕೆ ತುಂಬುತ್ತಿದ್ದ. ಅವನ ಮುಖದಲ್ಲಿ ಇನ್ನೂ ಅರ್ಧ ನಗು ಉಳಿದಿತ್ತು, ಇನ್ನರ್ಧವನ್ನು ಅಕ್ಕ ಬೈದು ಕಿತ್ತುಕೊಂಡಿರಬೇಕು. "ಭಾವ, ನಿಜಾನಾ ಅದು?" ಎಂದು ಕೇಳಿದ. ಇವನು ಹಿಂದಿನ ಸೀಟು ಹತ್ತಿ ಕೂತು, ಟೈರು ಗೋದಾಮು ಅಂದ. ಸ್ಕೂಟರು ಸಂಜೆಯ ಸಂತೆಯಂಥ ರಸ್ತೆಯಲ್ಲಿ ನುಗ್ಗಿತು. ಪ್ರಶಸ್ತಿಪತ್ರ ಕಂಕುಳಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು, ಗಾಳಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಹುಡುಗನಾಗಿದ್ದಾಗಲೂ ಇಷ್ಟು ಹಗುರಾಗಿದ್ದ ನೆನಪಿಲ್ಲ. ಕೆಲಸ ಹೋಗಬಹುದು. ಹೋಗಲಿ. ಹೇಳಿಯಾಯಿತಲ್ಲ, ಇನ್ನು ಹೇಳಲಿಕ್ಕೆ ಉಳಿದಿರುವುದು ಒಬ್ಬಳಿಗೆ ಮಾತ್ರ. ಅವಳು ಬೈಯುತ್ತಾಳೆ, ಬೈಯಲಿ, ಪೊರಕೆ ತೆಗೆದುಕೊಂಡರೂ ನಿಂತು ತಿನ್ನಬೇಕು.

ಹೊಲಿಗೆಯವಳು ಯಂತ್ರದ ಮುಂದೆಯೇ ಇದ್ದಳು. ಅವಳ ಹಿಂದೆ ಮಗಳು, ಈಗ ಉದ್ದಕ್ಕೆ ಬೆಳೆದವಳು, ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕುತ್ತಿದ್ದಳು. ಗಟ್ಟಿಮುಟ್ಟಾಗಿದ್ದಳು. ಅದನ್ನು ನೋಡಿಯೇ ಅವನಿಗೆ ಅರ್ಧ ಜೀವ ಬಂತು.

"ಅಮ್ಮಾ, ನಿಮ್ಮ ನೀರು ಕೆಟ್ಟಿದೆ. ತಪ್ಪು ನಂದೇ. ನಿಮ್ಮ ಪಾತ್ರೇದಲ್ಲ. ಇವತ್ತಿಂದ ಕಾಯಿಸಿ ಕುಡೀರಿ" ಎಂದು ಒಂದೇ ಉಸಿರಿಗೆ ಅಂದ.

ಅವಳು ಹಲ್ಲಿನಲ್ಲಿ ದಾರ ಕಡಿದಳು. "ಮೂರು ವರ್ಷದಿಂದ ಕಾಯಿಸೇ ಕುಡೀತಿದ್ದೀವಿ."

"ಮೂರು ವರ್ಷದಿಂದ?"

"ನಿಮ್ಮ ಆಫೀಸಿಗೆ ಬಂದಿದ್ನಲ್ಲ, ಅವತ್ತಿಂದ. ನೀವು ನನ್ನ ಉಗುರಿನ ಬಗ್ಗೆ ಹೇಳ್ತಿದ್ರಲ್ಲ, ಆಗಲೇ ಗೊತ್ತಾಯ್ತು, ಇವರಿಗೆ ನೀರಿನ ಬಗ್ಗೆ ಏನೂ ಗೊತ್ತಿಲ್ಲ ಅಂತ. ಈ ಸಾಲಿನ ಮನೆಯೋರಿಗೆಲ್ಲಾ ಹೇಳ್ದೆ. ಎಲ್ರೂ ಕಾಯಿಸ್ತಾರೆ."

ಅವನು ಗೋಡೆ ಹಿಡಿದುಕೊಂಡ. ಇಂಥ ಅವಮಾನ ಜೀವನದಲ್ಲಿ ಆಗಿರಲಿಲ್ಲ, ಇಂಥ ಸಂತೋಷವೂ ಆಗಿರಲಿಲ್ಲ. ಯಾರೂ ಅವನನ್ನು ನಂಬಿರಲಿಲ್ಲ! ಅವನು ಪ್ರತಿ ಮಂಗಳವಾರ ಬಂದು ಗಂಭೀರವಾಗಿ ಬಾಟಲಿ ಕುಲುಕುತ್ತಿದ್ದಾಗ ಇಡೀ ಬೀದಿ ಒಲೆಯ ಮೇಲೆ ನೀರಿಟ್ಟುಕೊಂಡು ಕಿಟಕಿಯಿಂದ ನೋಡುತ್ತಿತ್ತು. "ಒಳ್ಳೇದಾಯ್ತಮ್ಮಾ, ಬಹಳ ಒಳ್ಳೇದಾಯ್ತು" ಎಂದು ನಗತೊಡಗಿದ, ಹಿಂದೆ ನಿಂತಿದ್ದ ಭಾವಮೈದನೂ ಬಾಯಿ ಮುಚ್ಚಿಕೊಂಡು ನಕ್ಕ, ಗುಂಡಿ ಆರಿಸುತ್ತಿದ್ದ ಹುಡುಗಿಯೂ ನಕ್ಕಳು.

ಹೊಲಿಗೆಯವಳು ನಗಲಿಲ್ಲ. "ನಗೋಕೇನಿದೆ ಇದ್ರಲ್ಲಿ?" ಅಂದಳು. "ಆ ಎದುರಿನ ನೀಲಿ ಬಾಗಿಲಿನ ಮನೆಗೆ ಹೋದ ತಿಂಗಳು ಹೊಸಬರು ಬಂದಿದ್ದಾರೆ. ಎಂಟು ತಿಂಗಳ ಮಗು ಇದೆ. ಕಾಯಿಸಮ್ಮಾ ಅಂತ ನಾನೂ ಹೇಳ್ದೆ. ಕೇಳಲಿಲ್ಲ. ನಲ್ಲಿ ಮೇಲೆ ಇಲಾಖೆಯೋರು ಅಂಟಿಸಿದ ಹಸಿರು ಚೀಟಿ ತೋರಿಸಿದ್ಲು. 'ಕುಡಿಯಲು ಯೋಗ್ಯ' ಅಂತ ಬರ್ದು ಕೆಳಗೆ ನಿಮ್ಮ ಸಹಿ. ಓದಿದೋರು ಬರೆದಿರೋದು ಸುಳ್ಳಾ ಅಂತ ನನ್ನೇ ಕೇಳಿದ್ಲು."

ನಗು ಬಾಯಲ್ಲೇ ಉಳಿದುಹೋಯಿತು, ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಬೀದಿಯ ಅಗಲ ಹತ್ತು ಹೆಜ್ಜೆಯೂ ಇರಲಿಲ್ಲ. ದಾಟುವಾಗ ಎರಡು ದಿನದಿಂದ ನೆಲಕ್ಕೆ ತಾಗದಿದ್ದ ಕಾಲು ಪ್ರತಿ ಹೆಜ್ಜೆಗೂ ತಾಗಿತು. ನೀಲಿ ಬಾಗಿಲು ತಟ್ಟಿದ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರುತ್ತಿದ್ದ ಹೆಂಗಸೊಬ್ಬಳು ಬಾಗಿಲು ತೆರೆದಳು, ತುಂಬ ಚಿಕ್ಕ ವಯಸ್ಸಿನವಳು. ಅವನ ಎದೆಯ ಮೇಲಿನ ಇಲಾಖೆಯ ಬಿಲ್ಲೆ ನೋಡಿ ಅವಳ ಮುಖ ಅರಳಿತು.

"ನೀರಿನ ಸಾಹೇಬ್ರಾ? ಆ ಚೀಟಿ ಮೇಲಿರೋ ಸಹಿ ನಿಮ್ದೇನಾ? ಬನ್ನಿ ಸರ್, ಒಳಗೆ ಬನ್ನಿ."

"ನಂದೇ" ಅಂದ. "ಅದನ್ನ ನಂಬಬೇಡಿ ಅಮ್ಮಾ. ನೀರಲ್ಲಿ ರೋಗದ ಹುಳ ಇದೆ. ಕಾಯಿಸದೆ ಮಗುಗೆ ಕೊಡಬೇಡಿ."

ಅವಳ ನಗು ತಕ್ಷಣ ಹೋಗಲಿಲ್ಲ. ಅವನ ಮುಖವನ್ನೊಮ್ಮೆ, ಅವನ ಹಿಂದೆ ಬೀದಿಯಾಚೆ ನಿಂತಿದ್ದ ಹೊಲಿಗೆಯವಳನ್ನೊಮ್ಮೆ ನೋಡಿದಳು. ಮಗುವನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡಳು.

"ಈಗಷ್ಟೇ ಕುಡಿಸಿದೆನಲ್ಲ" ಅಂದಳು.